ಕೆಮ್ಮಣ್ಣು, ಶೇಡಿ ಮತ್ತು ಕುಂಬಾರನ ಕಲಿಕೆ

ಮಡಕೆಯ ಅಲಂಕಾರದ ಇತಿಹಾಸವು ಬಹುಮಟ್ಟಿಗೆ ಎರಡು ಮಣ್ಣುಗಳ ಇತಿಹಾಸ. ಒಡಲಿಗೆ ಒಂದು ಮಣ್ಣು. ಅದರ ಮೇಲೆ ನೀರಿನಲ್ಲಿ ಕದಡಿ, ಸೋಸಿ, ತೆಳುವಾಗಿ ಬಳಿದ ಬೇರೆ ಬಣ್ಣದ ಇನ್ನೊಂದು ಮಣ್ಣು. ಈ ಲೇಪವನ್ನು ಇಂದಿನ ಸ್ಟುಡಿಯೋ ಕುಂಬಾರರು ‘ಸ್ಲಿಪ್’ ಎನ್ನುತ್ತಾರೆ. ಮಡಕೆ ಅರೆ ಒಣಗಿ ತೊಗಲಿನಂತೆ ಬಿಗಿಯಾದಾಗ ಇದನ್ನು ಬಳಿಯಬೇಕು. ತಡವಾದರೆ ಒಡಲೂ ಲೇಪವೂ ಒಂದೇ ಸಮನೆ ಕುಗ್ಗದೆ ಹೊಪ್ಪಳಿಕೆ ಏಳುತ್ತದೆ. ಈ ಹದವನ್ನು ಬೆರಳಿಗೆ ಕಲಿಸುವುದೇ ತರಬೇತಿಯ ಸಾರ.

ಸ್ಟುಡಿಯೋ ಪರಂಪರೆಯ ಚರಿತ್ರೆಯನ್ನು ಸಾಮಾನ್ಯವಾಗಿ ಇಂಗ್ಲೆಂಡಿನಿಂದ ಆರಂಭಿಸುತ್ತಾರೆ. ಬರ್ನಾರ್ಡ್ ಲೀಚ್ ಮತ್ತು ಜಪಾನಿನ ಶೋಜಿ ಹಮಾಡ 1920ರಲ್ಲಿ ಸೇಂಟ್ ಐವ್ಸ್‌ನಲ್ಲಿ ಕುಲುಮೆ ಕಟ್ಟಿದರು. ಅವರ ಶಿಷ್ಯ ಮೈಕೇಲ್ ಕಾರ್ಡ್ಯೂ 1926ರಲ್ಲಿ ವಿಂಚ್‌ಕೂಂಬ್‌ಗೆ ಹೋಗಿ ಹಳೆಯ ಲೇಪಚಿತ್ರದ ಮಣ್ಪಾತ್ರೆಗಳಿಗೆ ಮರುಜೀವ ಕೊಟ್ಟನು. ಆದರೆ ಕನ್ನಡ ನಾಡಿಗೆ ಈ ವಿದ್ಯೆ ಹೊಸತಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಲ್ಲಿ ಕ್ರಿಸ್ತಶಕದ ಆರಂಭಕಾಲದ ಮಡಕೆಚೂರುಗಳು ದೊರೆತವು. ಅವುಗಳಲ್ಲಿ ಬಿಳಿಯ ಮಣ್ಣಿನ ಗೆರೆಗಳೂ ಕೆಂಗಂದು ಲೇಪವೂ ಒಟ್ಟಿಗೆ ಇವೆ. ಬೆಂಕಿಯಲ್ಲಿ ಬೆಂದ ಆ ಗೆರೆಗಳು ಎರಡು ಸಾವಿರ ವರ್ಷ ಮಾಸದೆ ಉಳಿದವು.

ಕಾರವಾರದ ಕಿನ್ನರದಿಂದ ಅಂಕೋಲೆಯವರೆಗಿನ ಕರಾವಳಿಯಲ್ಲಿ ಈ ಎರಡೂ ಬಣ್ಣಗಳುಂಟು. ಚಿರೆಕಲ್ಲಿನ ನೆಲ ಕೆಮ್ಮಣ್ಣನ್ನು ಕೊಡುತ್ತದೆ. ಬಿಳಿಯ ಜೇಡಿಯನ್ನು ಇಲ್ಲಿ ‘ಶೇಡಿ’ ಎನ್ನುತ್ತಾರೆ. ಹಾಲಕ್ಕಿ ಒಕ್ಕಲ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಶೇಡಿಯಿಂದ ಚಿತ್ತಾರ ಬರೆಯುತ್ತಾರೆ. ದೇವಾಲಯಗಳ ಕಾವಿಕಲೆಯಲ್ಲಿ ಬಿಳಿ ಗಾರೆಯ ಮೇಲೆ ಕೆಂಪು ಪದರ ಹಚ್ಚಿ, ಹಸಿ ಇರುವಾಗಲೇ ಕೆರೆದು ಒಳಗಿನ ಬಿಳುಪನ್ನು ತೋರಿಸುತ್ತಾರೆ. ಪಶ್ಚಿಮದ ಕುಂಬಾರನು ತಟ್ಟೆಯ ಮೇಲೆ ಮಾಡುವುದೂ ಇದನ್ನೇ.

ಹೀಗಿದ್ದೂ ಇಲ್ಲಿ ಚಿತ್ರವು ಗೋಡೆಗೇ ಹೆಚ್ಚಾಗಿ ಸಂದಿತು, ಮಡಕೆಗೆ ಕೆಮ್ಮಣ್ಣಿನ ಲೇಪವೇ ಸಾಕೆನಿಸಿತು. ಕಾರಣ ಕೈಯ ಕೊರತೆಯಲ್ಲ, ಆಚಾರ ಎಂದು ನನಗೆ ತೋರುತ್ತದೆ. ಸೂತಕಕ್ಕೆ, ಗ್ರಹಣಕ್ಕೆ ಮಣ್ಣಿನ ಪಾತ್ರೆಯನ್ನು ಹೊರಗೆಸೆಯುವ ಮನೆಗಳಲ್ಲಿ ಅದರ ಚೆಲುವಿಗೆ ಬೆಲೆ ಕೊಡುವವರು ಯಾರು? ಮದುವೆಯ ಐರಣಿಗಡಿಗೆಗೆ ಚಿತ್ರವುಂಟು. ಆದರೆ ಅದನ್ನು ಬರೆಯುವುದು ಬೆಂದ ಮೇಲೆ, ಸುಣ್ಣದಿಂದ. ಆ ಬರಹ ಒಂದು ಶುಭಕಾರ್ಯದ ಆಯುಷ್ಯದ್ದು.

ವಿಚಿತ್ರವೆಂದರೆ ಮಡಕೆಯನ್ನು ಹೀಗೆ ಅಲ್ಪಾಯುಷಿಯಾಗಿಸಿದ ಈ ಸೀಮೆಯೇ ಅದನ್ನು ಮಾಡುವವನನ್ನು ದೇವರ ಬಳಿ ನಿಲ್ಲಿಸಿತು. ಕುಂಬಾರಿಕೆಯ ಗುನಗರು ಇಲ್ಲಿ ಗ್ರಾಮದೇವತೆಯ ಪೂಜಾರಿಗಳೂ ಹೌದು. ಬಂಡಿಹಬ್ಬದಲ್ಲಿ ಕಳಶ ಹೊರುವವರೂ ಅವರೇ.

ಇಂದು ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಕುಂಬಾರಿಕೆಯ ತರಬೇತಿ ಸಂಸ್ಥೆಯಿದೆ; ನಗರಗಳಲ್ಲಿ ಸ್ಟುಡಿಯೋಗಳಿವೆ. ಅಲ್ಲಿ ಲೇಪವಿದ್ಯೆ ಕಲಿಯುವವರು ಲೀಚನನ್ನು ಓದುವುದು ಸರಿಯೇ. ಅದರೊಡನೆ ಬ್ರಹ್ಮಗಿರಿಯ ಚೂರನ್ನೂ ಅಂಕೋಲೆಯ ಗೋಡೆಯನ್ನೂ ನೋಡಬೇಕು. ಗೋಡೆಯ ಚಿತ್ರ ಪ್ರತಿ ಮಳೆಗಾಲಕ್ಕೆ ಮಾಸುತ್ತದೆ, ಬರೆಯುವ ಕೈಗಳೂ ವಿರಳವಾಗುತ್ತಿವೆ. ಅದು ಹಸಿ ಮಡಕೆಗೆ ಇಳಿದು ಬೆಂಕಿಯನ್ನು ಹಾದು ಬಂದರೆ ಮಾತ್ರ ಚೂರಾದ ಮೇಲೂ ಉಳಿದೀತು.