ದಕ್ಷಿಣ ಮರಾಠಾ ದೇಶದಿಂದ ಕರ್ನಾಟಕಕ್ಕೆ

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ಕಾಲದ ಮಾತು. ರಾಜ್ಯೋತ್ಸವದ ಮರುದಿನ ಏಕೀಕರಣದ ಪಾಠವನ್ನು ಸಾಕಷ್ಟು ಆವೇಶದಿಂದಲೇ ಮುಗಿಸಿ ಪುಸ್ತಕ ಮಡಚುತ್ತಿದ್ದೆ. ಹಿಂದಿನ ಬಾಕಿನ ಮೇಲಿದ್ದ ಹುಡುಗನೊಬ್ಬ ಎದ್ದು ನಿಂತು, "ಸರ, ಇಂಗ್ಲಿಷರು ಬರದಿದ್ದರ ನಮ್ಮ ಕರ್ನಾಟಕ ಆಗತಿತ್ತೇನ್ರಿ?" ಎಂದು ಕೇಳಿದ. ತರಗತಿ ನಕ್ಕಿತು. ನನಗೆ ಸಿಟ್ಟು ಬಂತು. "ನಾಡು ಒಡದವರು ಅವರು, ಕಟ್ಟಿದವರು ನಾವು. ಕುಂದರು" ಎಂದೆ. ಹುಡುಗ ಕುಳಿತ, ಪ್ರಶ್ನೆ ಕುಳಿತುಕೊಳ್ಳಲಿಲ್ಲ. ನಿವೃತ್ತನಾಗಿ, ಬೆಳಗಿನ ಹೊತ್ತು ಕೆಲಗೇರಿ ಕೆರೆಯ ದಂಡೆಯ ಮೇಲೆ ತಿರುಗಾಡುವಾಗ ಅದು ಇಂದಿಗೂ ನನ್ನ ಜೊತೆಯಲ್ಲಿ ನಡೆಯುತ್ತದೆ. ಅಂದು ಕೊಟ್ಟ ಉತ್ತರ ಸುಳ್ಳಲ್ಲ, ಆದರೆ ಅರ್ಧ. ಉಳಿದ ಅರ್ಧವನ್ನು ಇಲ್ಲಿ ಬರೆದು ಆ ಹುಡುಗನ ಋಣ ತೀರಿಸಲು ಯತ್ನಿಸುತ್ತೇನೆ.

ಮೊದಲು ಒಂದು ಭೇದವನ್ನು ಗಮನಿಸಬೇಕು. ಇಂಗ್ಲಿಷರು 1607ರಲ್ಲಿ ಅಮೆರಿಕೆಯ ಜೇಮ್ಸ್‌ಟೌನಿನಲ್ಲಿ ನೆಲೆಯೂರಿದಾಗ ಬದುಕು ಕಟ್ಟುವ ವಲಸಿಗರಾದರು. ಅವರ ಸಂತತಿಯೇ 1776ರಲ್ಲಿ ತಾಯ್ನಾಡಿನ ಅರಸೊತ್ತಿಗೆಯನ್ನು ಧಿಕ್ಕರಿಸಿ ಹೊಸ ರಾಷ್ಟ್ರವನ್ನು ಸ್ಥಾಪಿಸಿತು. ನಮ್ಮಲ್ಲಿಗೆ ಬಂದವರು ನೆಲೆಸಲು ಬಂದವರಲ್ಲ; ಕಂದಾಯ ಎತ್ತಲು, ಅರಳೆ ಸಾಗಿಸಲು, ಅವಧಿ ಮುಗಿದೊಡನೆ ಪಿಂಚಣಿ ಪಡೆದು ಹಡಗು ಹತ್ತಲು ಬಂದವರು. ಧಾರವಾಡದಲ್ಲಿ ಅವರು ಬಿಟ್ಟು ಹೋದದ್ದು ಕೆಲವು ಬಂಗಲೆ, ಕಚೇರಿ, ಗೋರಿಗಳನ್ನು. ಆದುದರಿಂದ ಇಲ್ಲಿ ಹೊಸ ನಾಡಿನ ಹುಟ್ಟು ಅವರಿಂದ ಆಗಲಿಲ್ಲ. ಅವರ ಆಳ್ವಿಕೆಯ ಒಳಗಿನಿಂದ, ಅವರಿಗೆ ಎದುರಾಗಿ, ಆದರೆ ಅನೇಕ ವೇಳೆ ಅವರದೇ ಸಲಕರಣೆಗಳಿಂದ ಆಯಿತು.

1799ರಲ್ಲಿ ಟಿಪ್ಪು ಸುಲ್ತಾನನ ಪತನ, 1818ರಲ್ಲಿ ಪೇಶ್ವೆಯ ಪತನ. ಈ ಎರಡು ಘಟನೆಗಳ ನಂತರ ಕನ್ನಡ ನಾಡು ಹೇಗೆ ಹಂಚಿಹೋಯಿತೆಂಬುದನ್ನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬಣ್ಣದ ಸುಣ್ಣಕಡ್ಡಿಯಿಂದ ತೋರಿಸುತ್ತಿದ್ದೆ. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೆ. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದ್ರಾಸಿಗೆ. ಬೀದರ, ಕಲಬುರ್ಗಿ, ರಾಯಚೂರು ನಿಜಾಮನಿಗೆ. ನಡುವೆ ಒಡೆಯರ ಮೈಸೂರು. 1834ರಿಂದ ಪ್ರತ್ಯೇಕ ಆಡಳಿತದ ಕೊಡಗು. ಇವುಗಳ ಸಂದುಗಳಲ್ಲಿ ಜಮಖಂಡಿ, ಮುಧೋಳ, ಸವಣೂರು, ಸಂಡೂರುಗಳಂಥ ಚಿಕ್ಕ ಸಂಸ್ಥಾನಗಳು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದರು. ಕಾರವಾರದ ಬಂದರು, ಧಾರವಾಡ ಸೀಮೆಯ ಹತ್ತಿ, ಇವುಗಳ ಲೆಕ್ಕಾಚಾರವೇ ಅಲ್ಲಿ ಮುಖ್ಯವಾಗಿತ್ತು, ಜನರ ನುಡಿಯಲ್ಲ.

ಗೆರೆಗಿಂತ ಹೆಚ್ಚು ನೋಯಿಸಿದ್ದು ಹೆಸರು. ಕಂಪನಿ ಸರಕಾರವು ನಮ್ಮ ಭಾಗವನ್ನು ಕರೆದದ್ದು 'ದಕ್ಷಿಣ ಮರಾಠಾ ದೇಶ'ವೆಂದು. ಪೇಶ್ವೆಯಿಂದ ಗೆದ್ದ ನೆಲವಾದ್ದರಿಂದ ಅವರಿಗೆ ಅದು ಸಹಜವಾಗಿ ತೋರಿರಬೇಕು. ಕಚೇರಿಯ ಬರಹ ಮರಾಠಿ, ಲಿಪಿ ಮೋಡಿ, ಸರಕಾರ ತೆರೆದ ಮೊದಲ ಶಾಲೆಗಳ ಭಾಷೆಯೂ ಮರಾಠಿ. ಹೊಲದಲ್ಲಿ ಕನ್ನಡ, ಮನೆಯಲ್ಲಿ ಕನ್ನಡ, ವಚನ ಭಜನೆಗಳಲ್ಲಿ ಕನ್ನಡ. ಆದರೆ ಹೊಲ ಯಾರದೆಂದು ಹೇಳುವ ಕಾಗದ ಮಾತ್ರ ಮರಾಠಿ.

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಅಂಥದೊಂದು ಕಾಗದವಿದೆ. ಮೋಡಿ ಅಕ್ಷರಗಳ ಕೆಳಗೆ ಮುತ್ತಜ್ಜನ ಹೆಬ್ಬೆಟ್ಟಿನ ಗುರುತು. ಅವನಿಗೆ ಕನ್ನಡದ ಹೊರತು ಬೇರೆ ಮಾತು ತಿಳಿಯದು. ಓದು ಮೊದಲೇ ಇಲ್ಲ. ಯಾವ ಶರತ್ತಿಗೆ ಒಪ್ಪಿದೆನೆಂದು ತಿಳಿಯದೆಯೇ ಒಪ್ಪಿದವನು ಅವನು. ನನಗೂ ಆ ಕಾಗದವನ್ನು ಓದಲು ಬರುವುದಿಲ್ಲ.

ಈ ಆಳ್ವಿಕೆಯನ್ನು ನಾಡು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಕಿತ್ತೂರಿನ ದತ್ತಕವನ್ನು ಮಾನ್ಯ ಮಾಡದೆ ಖಜಾನೆಗೆ ಕೈಹಾಕಿದ ಧಾರವಾಡದ ಕಲೆಕ್ಟರ್ ಥ್ಯಾಕರೆ 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಹತನಾದ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು; ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. 1857-58ರಲ್ಲಿ ಹಲಗಲಿಯ ಬೇಡರು, ಮುಂಡರಗಿಯ ಭೀಮರಾಯ, ನರಗುಂದದ ಬಾಬಾಸಾಹೇಬ ಸಿಡಿದೆದ್ದರು. ಇವೆಲ್ಲ ಶೌರ್ಯದ ಕಥೆಗಳೇ. ಆದರೆ ಕಿತ್ತೂರು ಕಿತ್ತೂರಿಗಾಗಿ, ನರಗುಂದ ನರಗುಂದಕ್ಕಾಗಿ ಹೋರಾಡಿತೆಂಬುದನ್ನು ಮರೆಯಬಾರದು. 'ಕರ್ನಾಟಕ'ವೆಂಬ ಒಂದೇ ಹೆಸರಿನಲ್ಲಿ ಖಡ್ಗ ಎತ್ತುವ ಕಲ್ಪನೆ ಆಗ ಯಾರಲ್ಲಿಯೂ ಇರಲಿಲ್ಲ. ಆ ಕಲ್ಪನೆ ಎಲ್ಲಿಂದ ಬಂತು? ಹುಡುಗನ ಪ್ರಶ್ನೆ ಇರುವುದು ಇಲ್ಲಿಯೇ.

ಕಿತ್ತೂರಿನ ಆ ಕದನದಲ್ಲಿ ಸೆರೆಸಿಕ್ಕು, ರಾಣಿಯ ಔದಾರ್ಯದಿಂದ ಜೀವಸಹಿತ ಬಿಡುಗಡೆಯಾದ ತರುಣ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಅವನು ಮುಂದೆ 1833ರವರೆಗೆ ಈ ಸೀಮೆಯಲ್ಲಿಯೇ ಉಳಿದು, ಗುಡಿಗುಂಡಾರಗಳ ಗೋಡೆಗಳಲ್ಲಿದ್ದ ಶಾಸನಗಳನ್ನು ಪ್ರತಿಮಾಡಿಸಿದ. 595 ಶಾಸನಗಳ ಆ ಸಂಗ್ರಹಕ್ಕೆ ಅವನಿಟ್ಟ ಹೆಸರಿನಲ್ಲಿ 'ಕರ್ನಾಟಕ ದೇಶ'ವೆಂಬ ಮಾತಿದೆ. ಸರಕಾರದ ದಫ್ತರದಲ್ಲಿ ದಕ್ಷಿಣ ಮರಾಠಾ ದೇಶವೆನಿಸಿದ್ದ ನೆಲ, ಅದೇ ಸರಕಾರದ ನೌಕರನ ಕಟ್ಟಿನಲ್ಲಿ ಕರ್ನಾಟಕ ದೇಶವಾಯಿತು. ಕಲ್ಲುಗಳು ಹಾಗೆ ಹೇಳುತ್ತಿದ್ದವು, ಅವನು ಕೇಳಿಸಿಕೊಂಡ.

ಅವನ ನಂತರ ಬಂದವನು ಜೆ. ಎಫ್. ಫ್ಲೀಟ್. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳನ್ನು ಆಳಿದ ರಾಜವಂಶಗಳ ಕುರಿತು 1882ರಲ್ಲಿ ಅವನು ಪ್ರಕಟಿಸಿದ ಗ್ರಂಥವು ಕದಂಬ, ಚಾಲುಕ್ಯ, ರಾಷ್ಟ್ರಕೂಟರನ್ನು ಕಾಲಾನುಕ್ರಮದಲ್ಲಿ ನಿಲ್ಲಿಸಿತು. ಅವನು ಹಳ್ಳಿಗರು ಹಾಡುತ್ತಿದ್ದ ಲಾವಣಿಗಳನ್ನೂ ಬರೆಸಿಕೊಂಡು ಅಚ್ಚುಮಾಡಿಸಿದ. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯಿದೆ, ಹಲಗಲಿಯ ಬೇಡರ ಲಾವಣಿಯಿದೆ. ತನ್ನ ಸರಕಾರದ ವಿರುದ್ಧ ಎದ್ದವರ ಹಾಡನ್ನು ಆ ಸರಕಾರದ ಅಧಿಕಾರಿಯೇ ಉಳಿಸಿಕೊಟ್ಟನೆಂಬುದು ಇತಿಹಾಸದ ವಿಚಿತ್ರಗಳಲ್ಲೊಂದು. ಇದನ್ನು ಹೇಳಲು ನನಗೆ ಅಂದು ತರಗತಿಯಲ್ಲಿ ಸಂಕೋಚವಾಗಿತ್ತು, ಇಂದು ಇಲ್ಲ.

ಶಾಸನಗಳು ವಿದ್ವಾಂಸರ ಸೊತ್ತು. ಜನರಿಗೆ ಬೇಕಾದದ್ದು ಶಾಲೆ. ಇಲ್ಲಿ ಎರಡು ಹೆಸರುಗಳನ್ನು ಒಟ್ಟಿಗೆ ಹೇಳಬೇಕು. ಒಬ್ಬರು ವಿದ್ಯಾಖಾತೆಯ ಅಧಿಕಾರಿ ರಸೆಲ್. ಇನ್ನೊಬ್ಬರು ಡೆಪ್ಯುಟಿ ಚೆನ್ನಬಸಪ್ಪನವರು. 1860ರ ದಶಕದಲ್ಲಿ ಚೆನ್ನಬಸಪ್ಪನವರು ಊರೂರು ತಿರುಗಿ, ಮರಾಠಿ ಶಾಲೆಗಳಿದ್ದಲ್ಲಿ ಕನ್ನಡ ಶಾಲೆಗಳು ಬರುವಂತೆ ದುಡಿದರು. ರಸೆಲ್ ಅವರ ಬೆನ್ನಿಗೆ ನಿಂತರು. ಶಿಕ್ಷಕರನ್ನು ತಯಾರಿಸಲು ಧಾರವಾಡದಲ್ಲಿ ಟ್ರೇನಿಂಗ್ ಶಾಲೆ ಬೆಳೆಯಿತು. ಕನ್ನಡ ಪಠ್ಯಪುಸ್ತಕಗಳು ಅಚ್ಚಾದವು. 1865ರಲ್ಲಿ ಶಿಕ್ಷಕರಿಗಾಗಿಯೇ 'ಮಠಪತ್ರಿಕೆ' ಹೊರಟಿತು. 1837ರಿಂದ ಧಾರವಾಡದಲ್ಲಿದ್ದ ಬಾಸೆಲ್ ಮಿಶನ್ನಿನವರೂ ಶಾಲೆಗಳನ್ನು ತೆರೆದಿದ್ದರು. ಅವರಲ್ಲೊಬ್ಬರಾದ ಕಿಟ್ಟೆಲರ ಶಬ್ದಕೋಶ 1894ರಲ್ಲಿ ಬಂತು. ಇವರು ಜರ್ಮನ್ ಸೀಮೆಯವರು, ಉದ್ದೇಶ ಧರ್ಮಪ್ರಸಾರ. ಆದರೆ ಉಳಿದದ್ದು ನಿಘಂಟು. ಮೈಸೂರಿನವನೂ ಧಾರವಾಡದವನೂ ಮಂಗಳೂರಿನವನೂ ಒಂದೇ ಅಚ್ಚಿನ ಅಕ್ಷರವನ್ನು ಓದತೊಡಗಿದಾಗ, ಬೇರೆ ಬೇರೆ ಸರಕಾರಗಳ ಪ್ರಜೆಗಳು ತಾವು ಒಂದೇ ಮಾತಿನವರೆಂದು ಮನಗಂಡರು.

ಆರ್ಥಿಕ ಬದುಕೂ ಇದೇ ದಿಕ್ಕಿನಲ್ಲಿ ಸಾಗಿತು. 1861-65ರ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ತಪ್ಪಿದಾಗ ನಮ್ಮ ಎರೆಹೊಲಗಳ ಬೆಲೆ ಏರಿತು. 1880ರ ದಶಕದಲ್ಲಿ ರೈಲು ಬಂತು. ಆ ಕಂಪನಿಯ ಹೆಸರು 'ಸದರ್ನ್ ಮರಾಠಾ ರೈಲ್ವೆ'. ಅದರ ಪ್ರಧಾನ ಕಚೇರಿ ಧಾರವಾಡದಲ್ಲಿ. ನೋಡಿ, ಹೆಸರು ಇನ್ನೂ ಬದಲಾಗಿರಲಿಲ್ಲ. ಹೊಟ್ಟೆಯ ಹತ್ತಿಯನ್ನು ಸಾಗಿಸಲು ಹಾಕಿದ ಹಳಿಗಳ ಮೇಲೆ ಬರಬರುತ್ತ ಪತ್ರಿಕೆಗಳೂ ಸಭಿಕರೂ ಸಂಚರಿಸಿದರು.

ಈ ಸಲಕರಣೆಗಳನ್ನು ಕೈಗೆತ್ತಿಕೊಂಡವರು ನಮ್ಮವರು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದ ರಾ. ಹ. ದೇಶಪಾಂಡೆಯವರು 1890ರ ಜುಲೈ 20ರಂದು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. 1896ರಿಂದ ಸಂಘದ 'ವಾಗ್ಭೂಷಣ' ಬರತೊಡಗಿತು. ಪುಣೆಯಲ್ಲಿ ಓದಿ ಬಂದ ಆಲೂರು ವೆಂಕಟರಾಯರಿಗೆ ಒಂದು ಕಡೆಯಿಂದ ಮಹಾರಾಷ್ಟ್ರದ ಇತಿಹಾಸಪ್ರಜ್ಞೆ, ಇನ್ನೊಂದು ಕಡೆಯಿಂದ 1905ರ ಬಂಗಾಲ ವಿಭಜನೆಯ ವಿರುದ್ಧದ ಚಳವಳಿ ಪ್ರೇರಣೆ ನೀಡಿದವು. ಎರಡಾಗಿ ಒಡೆದದ್ದಕ್ಕೆ ಬಂಗಾಲ ಹೀಗೆ ಉರಿದೆದ್ದರೆ, ಎಷ್ಟೋ ತುಂಡಾದ ನಾವು ಮಲಗಿದ್ದೇವಲ್ಲ ಎಂಬ ಅಳಲು ಅವರನ್ನು ಕಾಡಿತು. 1917ರ ಅವರ 'ಕರ್ನಾಟಕ ಗತವೈಭವ'ಕ್ಕೆ ಶಾಸನಾಧಾರ ಒದಗಿಸಿದವರಲ್ಲಿ ಫ್ಲೀಟನೂ ಒಬ್ಬ. ಆದರೆ ಫ್ಲೀಟನಿಗೆ ಅದು ಮುಗಿದುಹೋದ ವಂಶಗಳ ಪಟ್ಟಿ. ಆಲೂರರಿಗೆ ಮುಂದಿನ ನಾಡಿನ ಹಕ್ಕುಪತ್ರ. ಸಾಮಗ್ರಿ ಒಂದೇ, ಓದು ಬೇರೆ.

ಅದೇ 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ವಿಲೀನವಾಗಿ ಸದರ್ನ್ ಮರಾಠಾ ರೈಲ್ವೆಯ ಪ್ರಧಾನ ಕಚೇರಿ ಮದ್ರಾಸಿಗೆ ಹೋಗಿತ್ತು. ಅದು ಬಿಟ್ಟುಹೋದ ಭವ್ಯ ಕಟ್ಟಡವೇ ಕಾಲೇಜಿನದಾಯಿತು. 'ದಕ್ಷಿಣ ಮರಾಠಾ' ಎಂದು ಕರೆಸಿಕೊಂಡ ಕಟ್ಟಡ 'ಕರ್ನಾಟಕ' ಎಂದು ಕರೆಸಿಕೊಂಡಿತು. ಒಂದು ನಾಡಿನ ಆರಂಭವನ್ನು ತೋರಿಸೆಂದು ಇಂದು ಯಾವ ವಿದ್ಯಾರ್ಥಿಯಾದರೂ ಕೇಳಿದರೆ, ನಾನು ಅವನ ಕೈಹಿಡಿದು ಆ ಕಮಾನುಗಳ ಮುಂದೆ ನಿಲ್ಲಿಸುವೆ.

ಮುಂದಿನದು ಪಠ್ಯಪುಸ್ತಕಗಳಲ್ಲಿದೆ. 1920ರ ನಾಗಪುರ ಕಾಂಗ್ರೆಸ್ಸು ಭಾಷಾವಾರು ಪ್ರಾಂತ ಸಮಿತಿಗಳನ್ನು ಒಪ್ಪಿತು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಅಧಿವೇಶನ ನಡೆದಾಗ ಅಲ್ಲಿಯೇ ಏಕೀಕರಣ ಪರಿಷತ್ತೂ ಸೇರಿತು. ಆದರೆ 1947ರಲ್ಲಿ ಇಂಗ್ಲಿಷರು ಹೋದರೂ ಅವರ ಗೆರೆಗಳು ಹೋಗಲಿಲ್ಲ. ಮತ್ತೆ ಒಂಬತ್ತು ವರ್ಷ ನಮ್ಮದೇ ಸರಕಾರದ ಮುಂದೆ ಬೇಡಬೇಕಾಯಿತು. 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೂತರು; ಹುಬ್ಬಳ್ಳಿ ಹೊತ್ತಿ ಉರಿಯಿತು. ಹಿಂದುಳಿದ ಜಿಲ್ಲೆಗಳ ಭಾರ ತಮ್ಮ ಮೇಲೆ ಬೀಳುವುದೆಂದು ಮೈಸೂರಿನ ಅನೇಕರು ಹಿಂಜರಿದರು. ಅದನ್ನು ಮುಚ್ಚಿಟ್ಟು ಪಾಠ ಹೇಳುವುದು ಸರಿಯಲ್ಲ. 1956ರ ನವೆಂಬರ್ 1ರಂದು ರಾಜ್ಯವಾಯಿತು, 1973ರಲ್ಲಿ ಹೆಸರೂ ಬಂತು. ಮದ್ರಾಸಿನ ಪಾಲಾಗಿದ್ದ ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ಅಲ್ಲಿನ ಕನ್ನಡಿಗರಿಗೆ ಆ ದಿನ ಉತ್ಸವದ ದಿನವಾಗಲಿಲ್ಲ.

ಹಾಗಾದರೆ ಹುಡುಗನ ಪ್ರಶ್ನೆಗೆ ಉತ್ತರವೇನು? ಇಂಗ್ಲಿಷರು ಬರದಿದ್ದರೆ ಏನಾಗುತ್ತಿತ್ತೆಂದು ಹೇಳುವುದು ಇತಿಹಾಸದ ಕೆಲಸವಲ್ಲ. ಬಂದದ್ದರಿಂದ ಆದದ್ದನ್ನು ಹೇಳಬಹುದು. ಅವರು ತಮ್ಮ ಅನುಕೂಲಕ್ಕೆ ಒಡೆದರು, ಒಡೆದದ್ದು ನೋವಾಯಿತು. ತಮ್ಮ ಅನುಕೂಲಕ್ಕೇ ಶಾಲೆ, ಅಚ್ಚು, ರೈಲು ತಂದರು. ಅವುಗಳಿಂದ ಆ ನೋವಿಗೆ ಮಾತು ಬಂತು. ಅವರಲ್ಲಿ ಕೆಲವರು ಈ ನೆಲವನ್ನು ಪ್ರೀತಿಯಿಂದಲೇ ಓದಿದರು. ಅವರಿಗೆ ಕೃತಜ್ಞತೆ ಹೇಳುವುದರಿಂದ ಚೆನ್ನಮ್ಮನಿಗೆ ಅಪಚಾರವಾಗುವುದಿಲ್ಲ. ಆದರೆ ನಾಡು ಬೇಕೆಂದು ಬಯಸಿದವರು, ಅದಕ್ಕಾಗಿ ಸವೆದವರು ಇಲ್ಲಿಯವರೇ.

ನಮ್ಮ ಟ್ರಂಕಿನಲ್ಲಿ ಇನ್ನೊಂದು ಕಾಗದವೂ ಇದೆ. ಅದು ಅಜ್ಜನ ಕಾಲದ್ದು, ಕನ್ನಡದಲ್ಲಿದೆ. ಎರಡನೆಯ ಇಯತ್ತೆಯವರೆಗೆ ಮಾತ್ರ ಶಾಲೆಗೆ ಹೋದ ಅಜ್ಜ, ಹೆಬ್ಬೆಟ್ಟಿನ ಬದಲು ವಾರೆವಾರೆ ಅಕ್ಷರಗಳಲ್ಲಿ ತನ್ನ ಹೆಸರು ಬರೆದಿದ್ದಾನೆ. ಬರೆಯುವ ಮೊದಲು ಕಾಗದವನ್ನು ಎರಡು ಸಲ ಗಟ್ಟಿಯಾಗಿ ಓದಿದನೆಂದು ಅಪ್ಪ ಹೇಳುತ್ತಿದ್ದರು. ಹಿಂದಿನ ಬಾಕಿನ ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಎಂದಾದರೂ ಕೆಲಗೇರಿಯ ಕಡೆ ಬಂದರೆ ಮನೆಗೆ ಬರಲಿ. ಎರಡೂ ಕಾಗದಗಳನ್ನು ಅವನ ಮುಂದೆ ಇಟ್ಟು, ಅಂದು ಗದರಿಸಿ ಕೂರಿಸಿದ್ದಕ್ಕೆ ಕ್ಷಮೆ ಕೇಳಬೇಕಾಗಿದೆ.