ಒಂದೇ ಇಳಿಜಾರು, ಎರಡು ದುಡಿಮೆ

ಮಳೆಗಾಲದ ರವಿವಾರಗಳಲ್ಲಿ ಗೋಕಾಕ ಜಲಪಾತಕ್ಕೆ ಜಾತ್ರೆಯ ಕಳೆ ಬರುತ್ತದೆ. ಮಮದಾಪುರದಂತಹ ತಾಲ್ಲೂಕಿನ ಹಳ್ಳಿಗಳಿಂದ, ಹುಕ್ಕೇರಿ, ಮೂಡಲಗಿಗಳಿಂದ, ಗಡಿಯಾಚೆಯ ಕೊಲ್ಲಾಪುರದ ಕಡೆಯಿಂದಲೂ ಜನ ಬಂದಿಳಿಯುತ್ತಾರೆ. ಸುಟ್ಟ ಗೋವಿನಜೋಳದ ತೆನೆ ಕೈಯಲ್ಲಿ, ಕರದಂಟಿನ ಪೊಟ್ಟಣ ಚೀಲದಲ್ಲಿ. ಸುಮಾರು 200 ಮೀಟರ್ ಉದ್ದದ ತೂಗುಸೇತುವೆ ಕಾಲಡಿಯಲ್ಲಿ ಅಲುಗಾಡುವಾಗ ಮಕ್ಕಳಿಗೆ ನಗು, ಹಿರಿಯರಿಗೆ ಎದೆ ಡವಡವ. ಕುದುರೆಲಾಳದ ಆಕಾರದ ಬಂಡೆಯಂಚಿನಿಂದ ಘಟಪ್ರಭೆ 52 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ದಂಡೆಯ ಮಹಾಲಿಂಗೇಶ್ವರ ಗುಡಿ ಚಾಲುಕ್ಯರ ಕಾಲದ್ದು. ಅಂದರೆ ಇಲ್ಲಿಗೆ ಜನ ಬರುವುದು ಇಂದು ನಿನ್ನೆಯ ರೂಢಿಯಲ್ಲ.

ಆದರೆ ಗುಡಿಯ ಪಕ್ಕದಲ್ಲೇ ನೂಲಿನ ಗಿರಣಿಯೊಂದು ಏಕೆ ಹುಟ್ಟಿತು? ಇದಕ್ಕೆ ಉತ್ತರ ಹುಡುಕಲು ಫ್ರಾನ್ಸಿನ ಆಲ್ಪ್ಸ್ ಪರ್ವತದವರೆಗೆ ಹೋಗಿ ಬರುವುದು ಉಪಯುಕ್ತ. ಅಲ್ಲಿನ ಗ್ರೆನೋಬಲ್ ನಗರದ ಸಮೀಪ ಲಾನ್ಸೆ ಎಂಬ ಊರಿದೆ. 1869ರಲ್ಲಿ ಆರಿಸ್ತೀದ್ ಬೆರ್ಜೆಸ್ ಎಂಬ ಎಂಜಿನಿಯರ್ ಸುಮಾರು 200 ಮೀಟರ್ ಎತ್ತರದಿಂದ ತೊರೆಯ ನೀರನ್ನು ಕೊಳವೆಯಲ್ಲಿ ಇಳಿಸಿ, ಕಾಗದಕ್ಕಾಗಿ ಮರ ಅರೆಯುವ ಯಂತ್ರಗಳನ್ನು ತಿರುಗಿಸಿದ. ಬೆಟ್ಟದ ನೀರಿಗೆ 'ಬಿಳಿ ಕಲ್ಲಿದ್ದಲು' ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಇವನಿಂದಲೇ. ಕಲ್ಲಿದ್ದಲಿಲ್ಲದ ನಾಡಿಗೆ ಇಳಿಜಾರೇ ಇಂಧನವಾಯಿತು.

ಅದೇ ಪರ್ವತಸಾಲಿನಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಆನ್ರಿ ದ್ಯುಆಮೆಲ್ ಎಂಬ ಪರ್ವತಾರೋಹಿ ಉತ್ತರ ಯುರೋಪಿನವರ ಮರದ ಸ್ಕೀಗಳನ್ನು ಕಂಡು ಕೊಂಡುತಂದ. ಶಾಮ್ರೂಸ್ ಎಂಬಲ್ಲಿನ ಹಿಮದ ಮೇಲೆ ಅವನ್ನು ಕಟ್ಟಿಕೊಂಡು ಜಾರಲು ಹೋಗಿ ಪಡಿಪಾಟಲು ಪಟ್ಟ. 1925ರಲ್ಲಿ ಗ್ರೆನೋಬಲ್ ನಗರ ನಡೆಸಿದ ಅಂತರರಾಷ್ಟ್ರೀಯ ಪ್ರದರ್ಶನದ ಹೆಸರೇ ಎಲ್ಲವನ್ನೂ ಹೇಳುತ್ತದೆ: 'ಬಿಳಿ ಕಲ್ಲಿದ್ದಲು ಮತ್ತು ಪ್ರವಾಸೋದ್ಯಮ'. 1968ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಜಾನ್ ಕ್ಲೋದ್ ಕಿಲ್ಲಿ ಮೂರು ಚಿನ್ನ ಗೆದ್ದದ್ದು ಇದೇ ಶಾಮ್ರೂಸ್‌ನಲ್ಲಿ. ಇಂದು ಅಲ್ಲಿನ ಇಳಿಜಾರುಗಳಿಗೆ ಕಷ್ಟಕ್ಕೆ ತಕ್ಕಂತೆ ಬಣ್ಣದ ಗುರುತಿದೆ. ಹಸಿರು ಹೊಸಬರಿಗೆ, ಕಪ್ಪು ಪಳಗಿದವರಿಗೆ.

ಗೋಕಾಕದ ಕಥೆ ಇದರ ದಾಯಾದಿ. ಹಿಮ ಇಲ್ಲ, ಆದರೆ ಕಡಿದಾದ ಇಳಿಜಾರು ಇದೆ. ಸುತ್ತ ಹತ್ತಿ ಬೆಳೆಯುವ ಕಪ್ಪು ನೆಲ, ಕಲ್ಲಿದ್ದಲು ಮಾತ್ರ ದೂರ. ಲಾನ್ಸೆಯ ಪ್ರಯೋಗವಾಗಿ ಇಪ್ಪತ್ತು ವರ್ಷ ತುಂಬುವ ಮೊದಲೇ, 1887ರಲ್ಲಿ, ಇಲ್ಲಿ ನೀರಿನ ಬಲದಿಂದ ಗಿರಣಿ ತಿರುಗಿತು. ಮೇಲಿನಿಂದ ಕೊಳವೆಗಳಲ್ಲಿ ಇಳಿದ ನೀರು ಕಮರಿಯ ತಳದ ಯಂತ್ರಗಳಿಗೆ ಬೀಳುತ್ತಿತ್ತು. ತಳದ ಯಂತ್ರಾಗಾರಕ್ಕೆ ಹೋಗಿಬರಲು ತಂತಿಹಗ್ಗದ ದಾರಿಯೂ ಬಂತು. ಆಲ್ಪ್ಸ್‌ನಲ್ಲಿ ವಿಹಾರಿಗಳನ್ನು ಬೆಟ್ಟಕ್ಕೆ ಏರಿಸುವ ಹಗ್ಗ, ಇಲ್ಲಿ ಕೆಲಸಕ್ಕೆ ಇಳಿಯುವ ಹಗ್ಗ.

ಭಾರತದಲ್ಲಿ ವಿದ್ಯುತ್ ಮೊದಲು ಹುಟ್ಟಿದ್ದು ಗೋಕಾಕದಲ್ಲೇ ಎಂದು ಪ್ರವಾಸಿ ಕೈಪಿಡಿಗಳು ಬರೆಯುವುದುಂಟು. ನೀರಿನ ಬಲ ಬೇರೆ, ವಿದ್ಯುತ್ ಬೇರೆ. ದೇಶದ ಮೊದಲ ಜಲವಿದ್ಯುತ್ ಕೇಂದ್ರವೆಂದು ಸಾಮಾನ್ಯವಾಗಿ ಎಣಿಸುವುದು 1897ರ ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್ ಕೇಂದ್ರವನ್ನು. ನಮ್ಮ ಶಿವನಸಮುದ್ರ ಅದರ ನಂತರದ್ದು, 1902ರದು. ಈ ಪೈಪೋಟಿಯಿಂದ ಗೋಕಾಕದ ಮಹತ್ವವೇನೂ ಕುಂದುವುದಿಲ್ಲ.

ವ್ಯತ್ಯಾಸ ಕಾಣುವುದು ಆಮೇಲೆ. ಶಾಮ್ರೂಸ್‌ನಲ್ಲಿ ವಿಹಾರವೇ ಒಂದು ಕಸುಬಾಗಿ, ಅದಕ್ಕೆ ನಿಯಮ, ಕಾವಲು, ಗುರುತುಗಳು ಬಂದವು. ಗೋಕಾಕದಲ್ಲಿ ನೀರಿಗೆ ಮೊದಲ ಹಕ್ಕು ದುಡಿಮೆಯದಾಯಿತು. ನೋಡುಗರಿಗೆ ಉಳಿದದ್ದು ಮಿಕ್ಕ ನೀರು. ಜಲಪಾತದ ಮೇಲ್ಗಡೆ ಧೂಪದಾಳದ ಒಡ್ಡು 1897ರಲ್ಲಿ ಮುಗಿದು ಕಾಲುವೆಗೆ ನೀರು ತಿರುಗಿತು. ಅದಕ್ಕೂ ಮೇಲೆ, ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಹಿಡಿಯುವ ಜಲಾಶಯ 1977ರಲ್ಲಿ ಪೂರ್ಣಗೊಂಡಿತು. ಕಬ್ಬಿನ ಹೊಲಗಳಿಗೆ ಅದು ವರ. ಬೇಸಿಗೆಯಲ್ಲಿ ಬಂದ ಪ್ರವಾಸಿಗೆ ಕಾಣುವುದು ಮಾತ್ರ ಕಾದ ಬಂಡೆ, ಅಲ್ಲೊಂದು ಇಲ್ಲೊಂದು ನೀರಗೆರೆ. ಮಳೆಗಾಲದಲ್ಲೋ, ಪಾಚಿಗಟ್ಟಿದ ಅದೇ ಬಂಡೆಯ ತುದಿಗೆ ಫೋಟೊಕ್ಕಾಗಿ ಹೋಗುವವರಿಗೆ ಹಸಿರು, ಕಪ್ಪು ಎಂಬ ಭೇದ ತೋರಿಸುವ ಗುರುತಿಲ್ಲ. ಒಮ್ಮೆ ಕಾಲು ಜಾರಿದರೆ ಕೆಳಗೆ ಮೆತ್ತನೆಯ ಹಿಮವೂ ಇಲ್ಲ.

ಜಲಪಾತ ತುಂಬಿ ಹರಿಯಲಿ ಎಂದು ನೋಡುಗ ಬಯಸುವುದು ಸಹಜ. 2019ರ ಆಗಸ್ಟ್‌ನಲ್ಲಿ ಅದು ಹಾಗೆಯೇ ತುಂಬಿತು. ಸಹ್ಯಾದ್ರಿಯಲ್ಲಿ ಸುರಿದ ಮಳೆಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳೂ ಉಕ್ಕಿದ್ದವು, ಹಿಡಕಲ್‌ನಿಂದಲೂ ನೀರು ಬಿಡಬೇಕಾಯಿತು. ಬಂಡೆಯಂಚಿನಲ್ಲಿ ಕೆಂಪು ನೀರು ಭೋರ್ಗರೆಯುತ್ತಿದ್ದ ಆ ದಿನಗಳಲ್ಲಿ, ಆರು ಕಿಲೋಮೀಟರ್ ಕೆಳಗಿನ ಗೋಕಾಕ ಪಟ್ಟಣದ ತಗ್ಗಿನ ಓಣಿಗಳು ಮುಳುಗಿದ್ದವು, ಲೋಳಸೂರ ಸೇತುವೆ ನೀರಿನಡಿ ಇತ್ತು. ಜನ ಹಾಸಿಗೆ, ಪಾತ್ರೆ, ದನಕರುಗಳೊಂದಿಗೆ ಎತ್ತರದ ಜಾಗ ಹುಡುಕಿ ಹೊರಟಿದ್ದರು.