ಉಲ್ಲನ್ ಚಪ್ಪಲಿಯ ಲೆಕ್ಕ

ಸಕಲೇಶಪುರದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಮಳೆಗಾಲದ ಅಷ್ಟೂ ತಿಂಗಳು ಯಾರೂ ಬರಿಗಾಲಲ್ಲಿ ನೆಲ ಮುಟ್ಟುತ್ತಿರಲಿಲ್ಲ. ಕೆಂಪು ಗಾರೆಯ ನೆಲ ಬೆಳಗಿನ ಹೊತ್ತು ಅಂಗಾಲನ್ನು ಕೊರೆಯುತ್ತಿತ್ತು. ಜಗಲಿ ದಾಟಿ ಒಳಗೆ ಬಂದವರಿಗೆ ಕಾಫಿಗಿಂತ ಮೊದಲು ಸಿಗುತ್ತಿದ್ದದ್ದು ಒಂದು ಜೊತೆ ಉಲ್ಲನ್ ಚಪ್ಪಲಿ. ದೊಡ್ಡಮ್ಮ ಅದನ್ನು ಯಾವ ಪುಸ್ತಕ ನೋಡಿಯೂ ಹಾಕುತ್ತಿರಲಿಲ್ಲ. ಪಾದದ ಸುತ್ತಳತೆಯಷ್ಟು ಅಗಲ, ಪಾದಕ್ಕಿಂತ ಒಂದು ಬೆರಳು ಕಮ್ಮಿ ಉದ್ದ, ಹೀಗೊಂದು ಚೌಕಟ್ಟನ್ನು ಕ್ರೋಶಾ ಕಡ್ಡಿಯಲ್ಲಿ ಹೆಣೆಯುವುದು. ಉಲ್ಲನ್ ಹಾಕಿಕೊಂಡ ಮೇಲೆ ಹಿಗ್ಗುತ್ತದಾದ್ದರಿಂದ ಆ ಒಂದು ಬೆರಳಿನ ಕಸರು. ಆಮೇಲೆ ಮಡಚಿ ಹಿಮ್ಮಡಿಯ ಕಡೆ ಹೊಲಿಯುವುದು, ಬೆರಳಿನ ಕಡೆ ದಾರ ಪೋಣಿಸಿ ಎಲೆಯಡಿಕೆ ಚೀಲದ ಬಾಯಿಯ ಹಾಗೆ ಎಳೆದು ಗಂಟು ಹಾಕುವುದು, ಮೇಲುಗಡೆ ನಾಲ್ಕು ಬೆರಳಷ್ಟು ಕೂಡಿಸುವುದು. ಮುಗಿಯಿತು. ನೋಡುವವರಿಗೆ ಇಷ್ಟೇನಾ ಅನ್ನಿಸುತ್ತಿತ್ತು. ನನಗೂ ಅನ್ನಿಸಿದ್ದರಿಂದಲೇ ಈ ಲೇಖನ.

ತಂಗಿಯ ಮದುವೆಯಲ್ಲಿ ಹೆಂಗಸರಿಗೆ ತಾಂಬೂಲದ ಜೊತೆ ಕೊಡಲು 40 ಜೊತೆ ಹಾಕಿಕೊಡಿ ಎಂದು ದೊಡ್ಡಮ್ಮನನ್ನು ಕೇಳಿದವಳು ನಾನು. ಉಲ್ಲನ್ ನಾನೇ ತರುತ್ತೇನೆ, ಜೊತೆಗೆ 60 ರೂಪಾಯಿ ಕೊಡುತ್ತೇನೆ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಹೇಗೂ ಟಿ.ವಿ. ನೋಡ್ಕೊಂಡು ಹಾಕೋದಲ್ವಾ ದೊಡ್ಡಮ್ಮ’ ಎಂದೂ ಸೇರಿಸಿದೆ. ‘ಹೂಂ ಕಣೇ, ಹಾಕ್ತೀನಿ ಬಿಡು’ ಅಂದರು. ಒಂದು ಜೊತೆಗೆ ಅವರಿಗೆ ನಾಲ್ಕು ಗಂಟೆ ಹಿಡಿಯುತ್ತಿತ್ತು. 40 ಜೊತೆಗೆ 160 ಗಂಟೆ. ಗಂಟೆಗೆ 15 ರೂಪಾಯಿಯ ಕೂಲಿ! ಈ ಲೆಕ್ಕ ನಾನು ಮಾಡಿದ್ದು ಮದುವೆಯೆಲ್ಲ ಮುಗಿದ ಮೇಲೆ. ಕೊಟ್ಟ 2,400 ರೂಪಾಯಿಯನ್ನು ಅವರು ಧಾರೆಯ ದಿನ ಮುಯ್ಯಿ ಎಂದು ತಂಗಿಯ ಕೈಗೇ ಇಟ್ಟುಬಿಟ್ಟಿದ್ದರು.

‘ಟಿ.ವಿ. ನೋಡ್ಕೊಂಡು ಹಾಕೋದಲ್ವಾ’ ಎಂಬ ಮಾತು ನನ್ನೊಬ್ಬಳದಲ್ಲ, ಅದಕ್ಕೊಂದು ಇತಿಹಾಸವಿದೆ ಎಂದು ತಿಳಿದದ್ದು ಕ್ರೋಶಾದ ಬಗ್ಗೆ ಓದತೊಡಗಿದ ಮೇಲೆ.

ಕ್ರೋಶೆ ಎಂದರೆ ಫ್ರೆಂಚಿನಲ್ಲಿ ಪುಟ್ಟ ಕೊಕ್ಕೆ. (ನಮ್ಮ ಕೊಕ್ಕೆಗೂ ಅದಕ್ಕೂ ನಂಟಿಲ್ಲ, ಕಿವಿಗೆ ಮಾತ್ರ ದಾಯಾದಿಗಳು.) ಎರಡು ಕಡ್ಡಿಯ ಹೆಣಿಗೆಗೆ ನೂರಾರು ವರ್ಷಗಳ ಚರಿತ್ರೆಯಿದೆ. ಒಂದೇ ಕೊಕ್ಕೆಯ ಈ ಹೆಣಿಗೆ ಮಾತ್ರ ನಾವು ಅಂದುಕೊಂಡಷ್ಟು ಹಳೆಯದಲ್ಲ. ಡೆನ್ಮಾರ್ಕಿನ ಲಿಸ್ ಪಲುಡಾನ್ ಎಂಬಾಕೆ ಯುರೋಪಿನಲ್ಲಿ ಇದರ ಜಾಡು ಹುಡುಕಿದಾಗ, 1800ಕ್ಕಿಂತ ಹಿಂದೆ ಇತ್ತು ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಅಚ್ಚಾದ ಮೊದಲ ಮಾದರಿಗಳು ಸಿಗುವುದು ‘ಪೆನೆಲೋಪೆ’ ಎಂಬ ಡಚ್ ಪತ್ರಿಕೆಯ 1823ರ ಸಂಚಿಕೆಯಲ್ಲಿ. ಅವು ಹಣದ ಚೀಲಗಳು.

ಹಾಗಾದರೆ ಕೊಕ್ಕೆ ಎಲ್ಲಿಂದ ಬಂತು? ಹಲವರು ಒಪ್ಪುವ ಒಂದು ಉತ್ತರ ನಮ್ಮನ್ನು ಕಛ್‌ಗೆ ಕರೆದೊಯ್ಯುತ್ತದೆ. ಅಲ್ಲಿನ ಮೋಚಿಗಳು, ಅಂದರೆ ಚರ್ಮದ ಕೆಲಸದವರು, ಜೋಡು ಹೊಲಿಯುವ ಕೊಕ್ಕೆಮೊನೆಯ ಆರಿಯನ್ನೇ ಸಣ್ಣದು ಮಾಡಿ ಬಟ್ಟೆಯ ಮೇಲೆ ಸರಪಳಿ ಹೊಲಿಗೆ ಹಾಕಿದರು. ಇವತ್ತು ನಮ್ಮ ಊರುಗಳಲ್ಲಿ ಮದುವೆಯ ರವಿಕೆಗೆ ಸಾವಿರಾರು ರೂಪಾಯಿ ಕೊಟ್ಟು ಮಾಡಿಸುವ ‘ಆರಿ ವರ್ಕ್’ನ ಆರಿ ಅದೇ. ಗುಜರಾತಿನ ಈ ಕಸೂತಿಯ ಪರದೆಗಳು 17ನೆಯ ಶತಮಾನದಲ್ಲೇ ಹಡಗು ಹತ್ತಿ ಇಂಗ್ಲೆಂಡಿಗೆ ಹೋದವು. 18ನೆಯ ಶತಮಾನದಲ್ಲಿ ಯುರೋಪಿನ ಸಿರಿವಂತ ಹೆಂಗಸರು ಪೂರ್ವದೇಶಗಳ ಈ ವಿದ್ಯೆಯನ್ನು ತಾವೇ ಕಲಿತರು. ದುಂಡನೆ ಚೌಕಟ್ಟಿಗೆ ತಮಟೆಯ ಚರ್ಮದ ಹಾಗೆ ಬಟ್ಟೆ ಬಿಗಿದು ಹೊಲಿಯುವುದರಿಂದ ಅದಕ್ಕೆ ತಾಂಬೂರ್ ಎಂದು ಹೆಸರಾಯಿತು. ಫ್ರಾನ್ಸಿನ ಅರಸ 15ನೆಯ ಲೂಯಿಯ ಪ್ರೇಯಸಿ ಮದಾಂ ಪಾಂಪದೂರ್ ತಾಂಬೂರ್ ಚೌಕಟ್ಟಿನ ಮುಂದೆ ಕೂತಿರುವ ಚಿತ್ರವನ್ನು 1763-64ರಲ್ಲಿ ದ್ರುವೆ ಎಂಬ ಕಲಾವಿದ ಬರೆದ. ಅದು ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕಛ್‌ನಲ್ಲಿ ಹೊಟ್ಟೆಪಾಡಾಗಿದ್ದ ಕೆಲಸ ವರ್ಸೇಲ್ಸಿನಲ್ಲಿ ಬಿಡುವಿನ ವಿನೋದವಾಗಿತ್ತು. ಕೊನೆಗೊಂದು ದಿನ ಯಾರೋ ಆ ಚೌಕಟ್ಟಿನಿಂದ ಬಟ್ಟೆಯನ್ನೇ ತೆಗೆದು, ಬರೀ ಗಾಳಿಯಲ್ಲಿ ಕುಣಿಕೆಯೊಳಗೆ ಕುಣಿಕೆ ಎಳೆದರು. ಅದೇ ಕ್ರೋಶೆ ಎಂಬುದು ಈ ವಾದ.

ಚಪ್ಪಲಿ ಉಡುಗೊರೆಯಾಗಿದ್ದು ವಿಕ್ಟೋರಿಯಾ ಕಾಲದಲ್ಲಿ. ಬರ್ಲಿನ್ನಿನಲ್ಲಿ ಚೌಕುಳಿ ಕಾಗದದ ಮೇಲೆ ಅಚ್ಚಾಗುತ್ತಿದ್ದ ಬಣ್ಣಬಣ್ಣದ ಮಾದರಿಗಳನ್ನು ನೋಡಿಕೊಂಡು ಇಂಗ್ಲೆಂಡಿನ, ಅಮೆರಿಕದ ಹೆಣ್ಣುಮಕ್ಕಳು ಅಪ್ಪನಿಗೆ, ಅಣ್ಣನಿಗೆ, ಮದುವೆಯಾಗುವ ಹುಡುಗನಿಗೆ ಮನೆಯೊಳಗಿನ ಚಪ್ಪಲಿಯ ಮೇಲ್ಭಾಗವನ್ನು ಉಣ್ಣೆಯಲ್ಲಿ ಹೊಲಿಯುತ್ತಿದ್ದರು. ಮದುವೆಯಾಗದ ಕಿರಿಯ ಪಾದ್ರಿಗಳಿಗೆ ಇಂಥ ಚಪ್ಪಲಿಗಳು ರಾಶಿ ಬೀಳುತ್ತವೆಂಬುದು ಆ ಕಾಲದ ತಮಾಷೆ. ಉಣ್ಣೆಯ ಮೇಲ್ಭಾಗ ಮನೆಯಲ್ಲಿ, ಅಟ್ಟೆ ಕೂಡಿಸುವುದು ಚಮ್ಮಾರನ ಅಂಗಡಿಯಲ್ಲಿ. ಮಹಿಳಾ ಪತ್ರಿಕೆಗಳು ಚಪ್ಪಲಿಯ ಕ್ರೋಶೆ ಮಾದರಿಗಳನ್ನೂ ಅಚ್ಚು ಹಾಕತೊಡಗಿದವು.

ಅದೇ ಹೊತ್ತಿನಲ್ಲಿ ಪಕ್ಕದ ಐರ್ಲೆಂಡಿನಲ್ಲಿ ಕೊಕ್ಕೆ ಬೇರೆಯದೇ ಕೆಲಸ ಮಾಡುತ್ತಿತ್ತು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. ಮುಂದಿನ ಏಳು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಕಾರ್ಕ್‌ನ ಸನ್ಯಾಸಿನಿಯರು ಹೆಣ್ಣುಮಕ್ಕಳಿಗೆ ಕ್ರೋಶೆ ಕಲಿಸಿದರು. ಕ್ಲೋನ್ಸ್ ಊರಿನಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ 1847ರಲ್ಲಿ ಇದನ್ನು ಶುರುಮಾಡಿದಳು. ವೆನಿಸ್ಸಿನ ಸೂಜಿಯ ಲೇಸಿನಂಥದ್ದನ್ನು ಕೊಕ್ಕೆಯಲ್ಲಿ ಎಷ್ಟೋ ಬೇಗ ಮಾಡಬಹುದಿತ್ತು. ನಾವು ‘ಬೇಗ, ಸುಲಭ’ ಎಂದು ಹೊಗಳುವ ಗುಣವೇ ಆಗ ಬದುಕು–ಸಾವಿನ ಮಾತು. ಒಬ್ಬಳು ಬರೀ ಗುಲಾಬಿ, ಇನ್ನೊಬ್ಬಳು ಬರೀ ಎಲೆ, ಮತ್ತೊಬ್ಬಳು ಅವನ್ನು ಕೂಡಿಸುವ ಜಾಲ. ಹೀಗೆ ಕೆಲಸ ಹಂಚಿಕೊಂಡು ಹೊಲಿದದ್ದು ಲಂಡನ್, ಪ್ಯಾರಿಸ್ಸಿನ ಅಂಗಡಿಗಳಿಗೆ ಹೋಯಿತು. ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು, ಅಮೆರಿಕದ ಹಡಗಿಗೆ ಟಿಕೆಟ್ ಕೊಂಡದ್ದು ಆ ದುಡ್ಡಿನಿಂದ.

ವಿಕ್ಟೋರಿಯಾ ರಾಣಿಯೂ ಕ್ರೋಶೆ ಹಾಕುತ್ತಿದ್ದಳು. ದಕ್ಷಿಣ ಆಫ್ರಿಕಾದ ಬೋಅರ್ ಯುದ್ಧದ ಹೊತ್ತಿಗೆ, 80 ದಾಟಿದ ಮುದುಕಿ, ಖಾಕಿ ಉಣ್ಣೆಯಲ್ಲಿ ಎಂಟು ಸ್ಕಾರ್ಫ್ ಹೆಣೆದಳು. ನಾಲ್ಕು ಬ್ರಿಟನ್ನಿನ ಸಿಪಾಯಿಗಳಿಗೆ, ನಾಲ್ಕು ವಸಾಹತುಗಳಿಂದ ಬಂದ ಸಿಪಾಯಿಗಳಿಗೆ. ಆಸ್ಟ್ರೇಲಿಯಾದವನ ಪಾಲಿನದು ಇಂದು ಅಲ್ಲಿನ ಯುದ್ಧ ಸ್ಮಾರಕದಲ್ಲಿದೆ. ರಾಣಿ ಹೆಣೆದರೆ ಪದಕಕ್ಕೆ ಸಮ, ಕಾರ್ಕ್‌ನವಳು ಹೆಣೆದರೆ ಡಜನ್ನಿಗಿಷ್ಟು. ಕೊಕ್ಕೆಗೇನೂ ಇದು ಗೊತ್ತಾಗುವುದಿಲ್ಲ.

ನನ್ನ ಮಾತು ನನಗೇ ಕನ್ನಡಿ ಹಿಡಿದದ್ದು ಗೋದಾವರಿ ತೀರದ ನರಸಾಪುರದಲ್ಲಿ. ಕ್ರೈಸ್ತ ಮಿಷನರಿಗಳು 19ನೆಯ ಶತಮಾನದಲ್ಲಿ ಅಲ್ಲಿಗೆ ತಂದ ಕ್ರೋಶಾ ಲೇಸು ದೊಡ್ಡ ರಫ್ತು ವ್ಯಾಪಾರವಾಗಿ ಬೆಳೆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿ ಅಧ್ಯಯನ ಮಾಡಿ 1982ರಲ್ಲಿ ‘ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್’ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಸಾವಿರಾರು ಹೆಂಗಸರು ಜಗತ್ತಿನ ಮಾರುಕಟ್ಟೆಗೆ ಮಾಲು ಮಾಡುತ್ತಿದ್ದರು, ಆದರೆ ಅವರನ್ನು ಕೆಲಸಗಾರರೆಂದು ಯಾರೂ ಕರೆಯುತ್ತಿರಲಿಲ್ಲ. ಅವರು ‘ಗೃಹಿಣಿಯರು’, ಲೇಸು ‘ಬಿಡುವಿನ ವೇಳೆಯ’ ಹವ್ಯಾಸ. ಬಿಡುವಿನ ಕೆಲಸಕ್ಕೆ ಕೂಲಿ ಎಷ್ಟು ಕೊಟ್ಟರೂ ನಡೆಯುತ್ತದೆ. ಮಾರುವ, ರಫ್ತು ಮಾಡುವ ಲಾಭ ಗಂಡಸರದು. ಇದನ್ನು ಓದುವಾಗ ದೊಡ್ಡಮ್ಮನ ಮನೆಯ ಟಿ.ವಿ. ಸದ್ದು ಕೇಳಿಸಿತು.

ಇನ್ನೊಂದು ಸಂಗತಿ. ಎರಡು ಕಡ್ಡಿಯ ಹೆಣಿಗೆಗೆ ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಯಂತ್ರ ಮಾಡಿದ. ಕ್ರೋಶೆಯ ಹೆಸರು ಹೊತ್ತ ಯಂತ್ರಗಳಿವೆ, ಆದರೆ ಅವು ಮಾಡುವುದು ಅದರ ಅಣಕ. ಮಾಲ್‌ನಲ್ಲಿ ನಿಜವಾದ ಕ್ರೋಶಾ ಮೇಲಂಗಿ 500 ರೂಪಾಯಿಗೆ ಸಿಕ್ಕರೆ, ಅದನ್ನು ಯಾರೋ ಒಬ್ಬರು ಕೈಯಾರೆ, ಕುಣಿಕೆ ಕುಣಿಕೆಯಾಗಿ ಹಾಕಿದ್ದಾರೆಂದೇ ಅರ್ಥ. ಹಾಗಾದರೆ ಅವರಿಗೆ ಸಿಕ್ಕಿದ್ದೆಷ್ಟು ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಕೈಯಲ್ಲಿ ಮಾಡಿದ ಪಾದರಕ್ಷೆಯ ಉಡುಗೊರೆ ಎಂದಾಗ ಕನ್ನಡದವರಿಗೆ ಹರಳಯ್ಯ ನೆನಪಾಗದೆ ಇರುವುದಿಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ‘ಶರಣು’ ಅಂದದ್ದಕ್ಕೆ ಬಸವಣ್ಣ ‘ಶರಣು ಶರಣಾರ್ಥಿ’ ಅಂದರಂತೆ. ಒಂದು ಶರಣು ಹೆಚ್ಚಾಯಿತು. ಆ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿದರು, ಬಸವಣ್ಣ ಅದನ್ನು ಮೆಡಲಾರದೆ ತಲೆಯ ಮೇಲಿಟ್ಟುಕೊಂಡರು ಎಂಬುದು ಐತಿಹ್ಯ. ಚಿಕ್ಕಂದಿನಲ್ಲಿ ಇದನ್ನು ಭಕ್ತಿಯ ಕಥೆಯೆಂದು ಕೇಳಿದ್ದೆ. ಈಗ ಇದೂ ಒಂದು ಲೆಕ್ಕದ ಕಥೆಯಾಗಿ ಕಾಣುತ್ತದೆ: ಒಂದು ಹೆಚ್ಚುವರಿ ಮಾತಿಗೆ ಇಷ್ಟು ಬೆಲೆ ಕಟ್ಟಿದವರು ಒಂದು ಕಡೆ, 160 ಗಂಟೆಗೆ 2,400 ಕಟ್ಟಿದ ನಾನು ಇನ್ನೊಂದು ಕಡೆ. ಮುಯ್ಯಿ ಎಂಬ ಪದಕ್ಕೆ ಕನ್ನಡದಲ್ಲಿ ಉಡುಗೊರೆ ಎಂದೂ ಅರ್ಥ, ಸೇಡು ಎಂದೂ ಅರ್ಥ. ದೊಡ್ಡಮ್ಮ ಯಾವ ಅರ್ಥದಲ್ಲಿ ಇಟ್ಟರೋ, ಕೇಳುವ ಧೈರ್ಯ ಬರಲಿಲ್ಲ.

ಹೋದ ಡಿಸೆಂಬರಿನಲ್ಲಿ ನಾನೇ ಕಡ್ಡಿ ಹಿಡಿದೆ. ಅವರ ನಾಲ್ಕು ಗಂಟೆಯ ಕೆಲಸ ನನಗೆ ಹನ್ನೊಂದು ದಿನ ಹಿಡಿಯಿತು. ಎಡಗಾಲಿನದು ಬಲಗಾಲಿನದಕ್ಕಿಂತ ದೊಡ್ಡದಾಯಿತು. ಉಲ್ಲನ್ ಟೈಲ್ಸ್ ಮೇಲೆ ಜಾರುತ್ತದೆ, ದೊಡ್ಡಮ್ಮನಿಗೆ ಈಗ 78. ಹಾಗಾಗಿ ಬಸ್ ಸ್ಟ್ಯಾಂಡಿನ ಹತ್ತಿರ ಮರದ ಕೆಳಗೆ ಕೂರುವ ಚಪ್ಪಲಿ ರಿಪೇರಿಯವರ ಬಳಿ ಅಟ್ಟೆ ಹಾಕಿಸಲು ಒಯ್ದೆ. ಅವರು ತಿರುಗಿಸಿ ಮುರುಗಿಸಿ ನೋಡಿ, ‘ಯಾರ್ ಹಾಕಿದ್ದು?’ ಅಂದರು. ‘ನಾನೇ’ ಅಂದೆ. ‘ಹೊಸ ಕೈ’ ಎಂದು ನಕ್ಕು, ತೆಳು ರಬ್ಬರಿನ ಹಾಳೆ ಕತ್ತರಿಸಿ ಕೆಳಗಿಟ್ಟು, ಕೊಕ್ಕೆಮೊನೆಯ ಉಳಿಯನ್ನು ಚುಚ್ಚಿ ಆಚೆಯಿಂದ ದಾರವನ್ನು ಎಳೆದರು. ಕುಣಿಕೆಯೊಂದು ಮೇಲೆ ಬಂತು. ಮತ್ತೆ ಚುಚ್ಚಿದರು, ಮತ್ತೊಂದು ಬಂತು. ಎಷ್ಟಾಯಿತು ಎಂದು ಕೇಳಿದ್ದಕ್ಕೆ 80 ಅಂದರು. ಚೌಕಾಸಿ ಮಾಡಲಿಲ್ಲ.